ಕೆಲಸ ಜಾಸ್ತಿ ಇದ್ರೆ ಓಟಿ ಸ್ಲಿಪ್ ಬರೀರಿ

ವಾರಕ್ಕೆ ಎಪ್ಪತ್ತು ಗಂಟೆ ದುಡೀಬೇಕು ಅಂದ್ರು ಒಬ್ಬರು, ತೊಂಬತ್ತು ಅಂದ್ರು ಇನ್ನೊಬ್ಬರು. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಕಟ್ಟಿದ ನಾರಾಯಣಮೂರ್ತಿಯವರು ಆಡಿದ ಮಾತು, 2025ರ ಜನವರಿ ಹೊತ್ತಿಗೆ ಎಲ್ ಅಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅವರ ಬಾಯಲ್ಲಿ ಭಾನುವಾರವನ್ನೂ ನುಂಗಿಬಿಟ್ಟಿತು. ಹರಾಜು ಕೂಗಿದ ಹಾಗೆ. ಆವಾಗಿನಿಂದ ಟಿವಿಯಲ್ಲಿ, ವಾಟ್ಸಾಪ್‌ನಲ್ಲಿ, ಮದುವೆ ಮನೆ ಪಂಕ್ತಿಯಲ್ಲೂ ಇದೇ ಚರ್ಚೆ. ಎಷ್ಟು ಗಂಟೆ ದುಡೀಬೇಕು ಅನ್ನೋದು ಆಮೇಲಿನ ಮಾತು ಸ್ವಾಮಿ. ಶಿಫ್ಟ್ ಮುಗಿದ ಮೇಲೂ ಒಬ್ಬ ಮನುಷ್ಯ ಕೆಲಸ ಮಾಡ್ತಾ ಕೂತಿದ್ದರೆ, ಆ ಗಂಟೆಯನ್ನ ಯಾರು ಬರೆದಿಡ್ತಾರೆ, ಅದಕ್ಕೆ ಯಾರು ದುಡ್ಡು ಕೊಡ್ತಾರೆ? ಮೊದಲು ಅದನ್ನ ಕೇಳೋಣ.

ನಾನು ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯ ಟೈಂ ಆಫೀಸಿನಲ್ಲಿ ಬಹಳ ವರ್ಷ ಕೂತವನು. ಟೈಂ ಆಫೀಸ್ ಅಂದ್ರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಗೇಟಿನ ಪಕ್ಕದ ಕೋಣೆ. ಯಾರು ಎಷ್ಟೊತ್ತಿಗೆ ಪಂಚ್ ಮಾಡಿದರು, ಯಾರು ಗೇಟ್ ಪಾಸ್ ತಗೊಂಡು ಹೊರಗೆ ಹೋದರು, ಯಾರಿಗೆ ಎಷ್ಟು ಓಟಿ (ಓವರ್‌ಟೈಂ, ಅಂದ್ರೆ ಶಿಫ್ಟ್ ಮೀರಿದ ಕೆಲಸ), ಎಲ್ಲಾ ಲೆಕ್ಕ ಅಲ್ಲಿ. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಯಾರನ್ನಾದರೂ ಶಿಫ್ಟ್ ಮುಗಿದ ಮೇಲೆ ಉಳಿಸಿಕೊಳ್ಳಬೇಕು ಅಂದ್ರೆ ಸೂಪರ್‌ವೈಸರ್ ಓಟಿ ಸ್ಲಿಪ್ ಬರೀಬೇಕು. ಹೆಸರು, ಟೋಕನ್ ನಂಬರ್, ಎಷ್ಟು ಗಂಟೆ, ಕೊನೆಗೆ ಒಂದು ಕಾಲಂ: ಕಾರಣ. ಕೆಳಗೆ ಪ್ರೊಡಕ್ಷನ್ ಮ್ಯಾನೇಜರ್ ಸಹಿ. ಶಿಫ್ಟ್ ಮುಗಿಯೋ ಮೊದಲೇ ಅದು ನನ್ನ ಟೇಬಲ್ಲಿಗೆ ಬರಬೇಕು. ಬರಲಿಲ್ಲ ಅಂದ್ರೆ ಓಟಿ ಇಲ್ಲ, ಆ ಮನುಷ್ಯ ಮನೆಗೆ.

ಆ ಕಾರಣದ ಕಾಲಂ ಇತ್ತಲ್ಲ, ಇಡೀ ಕಾರ್ಖಾನೆಯ ಬಂಡವಾಳ ಅದರಲ್ಲಿ ಬಯಲಾಗ್ತಿತ್ತು. ‘ಡಿಸ್ಪ್ಯಾಚ್ ಅರ್ಜೆಂಟ್’, ‘ಮಷೀನ್ ಬ್ರೇಕ್‌ಡೌನ್’, ‘ರಿಲೀವರ್ ಬಂದಿಲ್ಲ’, ‘ರೀವರ್ಕ್’ (ಕೆಟ್ಟುಹೋದ ಮಾಲನ್ನ ಮತ್ತೆ ಸರಿಮಾಡೋದು). ಒಂದೇ ಸೆಕ್ಷನ್‌ನಿಂದ ವಾರಕ್ಕೆ ನಾಲ್ಕು ಸಲ ‘ರೀವರ್ಕ್’ ಅಂತ ಬಂದರೆ ಮೇಲಿನವರಿಗೆ ಉತ್ತರ ಕೊಡಬೇಕಾದವರು ಸೂಪರ್‌ವೈಸರ್, ಕೆಲಸಗಾರ ಅಲ್ಲ. ತಿಂಗಳ ಕೊನೆಗೆ ನಾನು ಓಟಿ ಸ್ಟೇಟ್‌ಮೆಂಟ್ ಕಳಿಸಿದ ಮಾರನೇ ದಿನ ಮೀಟಿಂಗ್ ರೂಮಿನಿಂದ ಬರ್ತಿದ್ದ ಧ್ವನಿಗಳು ನನಗಿನ್ನೂ ನೆನಪಿವೆ.

ಯಾಕೆ ಅಷ್ಟು ಗಲಾಟೆ ಅಂದ್ರೆ, ಓಟಿ ದುಬಾರಿ. 1948ರ ಕಾರ್ಖಾನೆ ಕಾಯ್ದೆ ಅದನ್ನ ಬೇಕಂತಲೇ ದುಬಾರಿ ಮಾಡಿತ್ತು. ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ದಾಟಿದರೆ ಎರಡು ಪಟ್ಟು ಕೂಲಿ. ಲೆಕ್ಕ ಸುಲಭ ಆಗಲಿ ಅಂತ ಒಬ್ಬನಿಗೆ ತಿಂಗಳಿಗೆ 15,600 ರೂಪಾಯಿ ಅಂದುಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆ, ಒಟ್ಟು 208 ಗಂಟೆ. ಗಂಟೆಗೆ 75 ರೂಪಾಯಿ ಬಿತ್ತು. ಓಟಿಗೆ ಗಂಟೆಗೆ 150. ಐದು ಜನ ತಲಾ 40 ಗಂಟೆ ಓಟಿ ಮಾಡಿದರೆ 200 ಗಂಟೆ, 30,000 ರೂಪಾಯಿ. ಇನ್ನೂರು ಗಂಟೆ ಅಂದ್ರೆ ಹೆಚ್ಚುಕಡಿಮೆ ಒಬ್ಬ ಆಳಿನ ತಿಂಗಳ ಕೆಲಸ. ಹೊಸಬನನ್ನ ತಗೊಂಡರೆ ಅದೇ ಕೆಲಸ 15,600ಕ್ಕೆ, ಮೇಲೆ ಪಿಎಫ್ ಇಎಸ್ಐ ಸೇರಿಸಿಕೊಳ್ಳಿ, ಆಗಿಹೋಗುತ್ತೆ. ಈ ಲೆಕ್ಕ ಮಾಲೀಕರಿಗೆ ತಿಳಿದ ದಿನ ಗೇಟಿನ ಬೋರ್ಡಿನ ಮೇಲೆ ‘ಆಪರೇಟರ್‌ಗಳು ಬೇಕಾಗಿದ್ದಾರೆ’ ಅಂತ ಬರೀತಿದ್ದರು. ಯಾರ ಉಪದೇಶವೂ ಬೇಕಾಗ್ತಿರಲಿಲ್ಲ.

ಕಾರ್ಖಾನೆಗಳೆಲ್ಲಾ ಸಾಚಾ ಅಂತ ಹೇಳ್ತಿಲ್ಲ. ‘ಸಿಂಗಲ್ ಓಟಿ’ ಅಂತ ಒಂದಿದೆ. ಎರಡು ಪಟ್ಟು ಕೊಡಬೇಕಾದ ಕಡೆ ಒಂದೇ ಪಟ್ಟು ಕೊಟ್ಟು, ಅದನ್ನೂ ಬೇರೆ ವೋಚರ್‌ನಲ್ಲಿ ಬರೆದು ಮುಗಿಸೋದು. ಬೇಸಿಕ್ ಮೇಲೆ ಮಾತ್ರ ಡಬಲ್ ಹಾಕಿ ಭತ್ಯೆಗಳನ್ನ ಬಿಟ್ಟುಬಿಡೋದು ಇನ್ನೊಂದು. ಗಾರ್ಮೆಂಟ್ಸ್‌ನಲ್ಲಂತೂ ಟಾರ್ಗೆಟ್ ಮುಗಿದಿಲ್ಲ ಅಂತ ಪಂಚ್ ಔಟ್ ಮಾಡಿಸಿ ಮತ್ತೆ ಲೈನಿಗೆ ಕೂರಿಸಿದ ಕಥೆಗಳನ್ನ ನಮ್ಮ ಏರಿಯಾದ ಹೆಣ್ಣುಮಕ್ಕಳ ಬಾಯಲ್ಲೇ ಕೇಳಿದ್ದೀನಿ. ಅಲ್ಲೂ ಒಂದು ವಿಷಯ ಗಮನಿಸಿ. ಕದಿಯೋದಕ್ಕೂ ಮುಂಚೆ ಪಂಚ್ ಔಟ್ ಮಾಡಿಸಬೇಕಾಯಿತು. ಬರೆದಿಟ್ಟ ಗಂಟೆಯ ಬಗ್ಗೆ ಅವರಿಗಿರೋ ಭಯ ಅದು.

ಈಗ ನನ್ನ ತಂಗಿ ಮಗನ ಕಥೆಗೆ ಬರ್ತೀನಿ. ಬೆಳ್ಳಂದೂರು ಕಡೆ ಒಂದು ಐಟಿ ಕಂಪನಿ. ಹತ್ತು ಗಂಟೆಗೆ ಆಫೀಸು. ರಾತ್ರಿ ಒಂಬತ್ತೂವರೆಗೆ ಅಮೆರಿಕದವರ ಜೊತೆ ಕಾಲ್, ಅದು ಹನ್ನೊಂದಕ್ಕೆ ಮುಗಿದರೆ ಪುಣ್ಯ. ಶನಿವಾರ ‘ಸ್ವಲ್ಪ ಲ್ಯಾಪ್‌ಟಾಪ್ ಹತ್ತಿರದಲ್ಲಿಟ್ಟುಕೋ’. ನಮ್ಮ ಮನೆಗೆ ಹಬ್ಬಕ್ಕೆ ಬಂದವನು ಒಬ್ಬಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಬಾಲ್ಕನಿಯಲ್ಲಿ ನಿಂತು ಮ್ಯೂಟ್, ಅನ್‌ಮ್ಯೂಟ್ ಮಾಡ್ತಿದ್ದ. ಕೇಳಿದೆ, ‘ಯಾರೋ ನಿನ್ನ ಇವತ್ತು ಕೆಲಸ ಮಾಡು ಅಂದಿದ್ದು?’

‘ಯಾರೂ ಮಾಡು ಅನ್ನಲ್ಲ ಮಾಮ. ಬೇಡ ಅಂತಾನೂ ಅನ್ನಲ್ಲ.’

‘ಮತ್ತೆ ಮಾಡದೇ ಇದ್ರೆ?’

‘ಅಪ್ರೈಸಲ್‌ನಲ್ಲಿ ಓನರ್‌ಶಿಪ್ ಕಡಿಮೆ ಅಂತ ಬರೀತಾರೆ.’

ಅಪ್ರೈಸಲ್ ಅಂದ್ರೆ ವರ್ಷದ ಕೆಲಸದ ಮೌಲ್ಯಮಾಪನ, ಓನರ್‌ಶಿಪ್ ಅಂದ್ರೆ ಕೆಲಸವನ್ನ ತನ್ನದೇ ಅಂತ ಮಾಡೋ ಗುಣ. ಬರೆಯೋದು ಅಲ್ಲಿ ಮಾತ್ರ, ನೋಡಿ! ಅವನ ಟೈಂಶೀಟ್ ತೋರಿಸಿದ. ದಿನಕ್ಕೆ ಎಂಟೇ ಗಂಟೆ, ಸೋಮವಾರದಿಂದ ಶುಕ್ರವಾರ, ಅಚ್ಚು ಹೊಡೆದ ಹಾಗೆ. ಹನ್ನೊಂದು ಗಂಟೆ ಮಾಡಿದ ದಿನವೂ ಎಂಟು. ‘ಜಾಸ್ತಿ ಹಾಕಿದರೆ ಟೀಂ ಲೀಡ್ ವಾಪಸ್ ಕಳಿಸ್ತಾರೆ ಮಾಮ, ಪ್ರಾಜೆಕ್ಟಿಗೆ ಅಷ್ಟೇ ಗಂಟೆ ಬಜೆಟ್ ಆಗಿರೋದು.’ ಟೈಂ ಆಫೀಸಿನಲ್ಲಿ ಕೂತವನಿಗೆ ಇದು ಅರ್ಥವಾಗೋಕೆ ಎರಡು ನಿಮಿಷ ಸಾಕು. ಪ್ರಾಜೆಕ್ಟ್ ಹಿಡಿಯೋ ಅವಸರದಲ್ಲಿ ಯಾರೋ ಒಬ್ಬರು ಹತ್ತು ಜನರ ಕೆಲಸಕ್ಕೆ ಏಳು ಜನ ಸಾಕು ಅಂತ ಎಸ್ಟಿಮೇಟ್ ಕೊಟ್ಟಿದ್ದಾರೆ. ಉಳಿದ ಮೂರು ಜನರ ಕೆಲಸ ಆ ಏಳು ಜನರ ರಾತ್ರಿಗಳಲ್ಲಿ, ಶನಿವಾರಗಳಲ್ಲಿ ಕರಗಿಹೋಗುತ್ತೆ. ದಾಖಲೆಯಲ್ಲಿ ಮಾತ್ರ ಎಸ್ಟಿಮೇಟ್ ಸರಿಯಾಗಿತ್ತು ಅಂತ ಉಳಿಯುತ್ತೆ. ಮುಂದಿನ ಪ್ರಾಜೆಕ್ಟಿಗೂ ಅದೇ ಎಸ್ಟಿಮೇಟ್, ಬಹುಶಃ ಆರೇ ಜನ. ನಮ್ಮ ಕಾರ್ಖಾನೆಯಲ್ಲಿ ಮೀಟಿಂಗ್ ರೂಮಿನಲ್ಲಿ ಬೈಸಿಕೊಳ್ಳಬೇಕಾದ ಮನುಷ್ಯನಿಗೆ ಇಲ್ಲಿ ಪ್ರಮೋಷನ್.

ಮಾಲೀಕರು ಹೆಚ್ಚು ಹೊತ್ತಿನ ಕೆಲಸ ‘ನಿರೀಕ್ಷಿಸೋದನ್ನ’ ನಾನು ವಿರೋಧಿಸೋದು ಇದಕ್ಕೇ. ಕೇಳಲಿ, ತಕರಾರಿಲ್ಲ. ಬಾಯಿಬಿಟ್ಟು ಕೇಳಲಿ, ಬರೆದು ಕೇಳಲಿ, ದುಡ್ಡು ಕೊಡಲಿ. ಬಾಯ್ಲರ್ ಕೆಟ್ಟಾಗ, ಆಸ್ಪತ್ರೆಯಲ್ಲಿ ಎಮರ್ಜೆನ್ಸಿ ಬಂದಾಗ, ಮಾರ್ಚ್ 31ರ ಲೆಕ್ಕ ಮುಗಿಸುವಾಗ ಗಡಿಯಾರ ನೋಡಿಕೊಂಡು ಎದ್ದು ಹೋಗೋ ಮನುಷ್ಯ ನಮ್ಮ ಕಡೆ ಸಿಗೋದು ಕಡಿಮೆ. ಕಷ್ಟಕ್ಕೆ ನಿಲ್ಲೋ ಜನ ನಾವು. ವರ್ಷದ ಹನ್ನೆರಡು ತಿಂಗಳೂ ಮಾರ್ಚ್ 31 ಆದರೆ ಅದು ಕಷ್ಟ ಅಲ್ಲ, ಪ್ಲಾನಿಂಗ್ ಸರಿಯಿಲ್ಲ ಅಂತ.

‘ಕೆಲಸಗಾರರೇ ಓಟಿ ಕೊಡಿ ಅಂತ ಬೆನ್ನು ಬೀಳ್ತಾರಲ್ಲ’ ಅಂತ ಕೆಲವರು ಹೇಳ್ತಾರೆ. ನಿಜ. ಓಟಿ ಹಾಕಿಸಿ ಸಾರ್ ಅಂತ ನನ್ನ ಕಿಟಕಿ ಮುಂದೆ ನಿಂತವರು ಎಷ್ಟೋ ಜನ. ಚೀಟಿ ಕಟ್ಟಬೇಕು, ಮಗಳ ಕಾಲೇಜು ಫೀಸು, ಊರಲ್ಲಿ ಬೋರ್‌ವೆಲ್. ಸಂಬಳದಲ್ಲಿ ಸಂಸಾರ ನಡೆದಿದ್ದರೆ ಯಾರು ನಿಲ್ತಿದ್ದರು? ಅದೂ ಅಲ್ಲದೆ, ಆ ಮನುಷ್ಯ ತನ್ನ ಗಂಟೆಗೆ ಬೆಲೆ ಕಟ್ಟಿ ಮಾರ್ತಿದ್ದಾನೆ. ನನ್ನ ತಂಗಿ ಮಗ ಬಿಟ್ಟಿ ಕೊಡ್ತಿದ್ದಾನೆ, ಅದೂ ಎಂಜಿನಿಯರಿಂಗ್ ಓದಿ.

ಕಾನೂನು ಐಟಿಯವರಿಗೆ ಅನ್ವಯಿಸಲ್ಲ ಅಂತ ಬಹಳ ಜನ ನಂಬಿದ್ದಾರೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅವರಿಗೂ ಅನ್ವಯಿಸುತ್ತೆ. ದಿನಕ್ಕೆ 9 ಗಂಟೆ, ವಾರಕ್ಕೆ 48, ಮೀರಿದರೆ ಎರಡು ಪಟ್ಟು ಅಂತ ಅದರಲ್ಲೂ ಇದೆ. ತಪ್ಪಿಸಿಕೊಳ್ಳೋ ದಾರಿ ಅಂದ್ರೆ, ಆಡಳಿತದ ಹುದ್ದೆಯಲ್ಲಿರೋರಿಗೆ ಆ ಕಾಯ್ದೆ ಇಲ್ಲ. ಹಾಗಾಗಿ ಎಲ್ಲರೂ ಮ್ಯಾನೇಜರ್! ಕೈಕೆಳಗೆ ಒಂದು ನರಪಿಳ್ಳೆ ಇಲ್ಲ, ರಜೆ ಮಂಜೂರು ಮಾಡೋ ಅಧಿಕಾರ ಇಲ್ಲ, ಆದರೂ ವಿಸಿಟಿಂಗ್ ಕಾರ್ಡಿನಲ್ಲಿ ಅಸೋಸಿಯೇಟ್ ಮ್ಯಾನೇಜರ್.

ಸರ್ಕಾರಗಳ ವಿಷಯಕ್ಕೆ ಬಂದರೆ, ಯಾವ ಪಕ್ಷ ಇದ್ದರೂ ಈ ವಿಷಯದಲ್ಲಿ ಒಂದೇ ದಿಕ್ಕು. 2020ರ ಮೇ ತಿಂಗಳಲ್ಲಿ, ಕೊರೊನಾ ನಡುವೆ, ನಮ್ಮ ರಾಜ್ಯದ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ಅಂತ ಅಧಿಸೂಚನೆ ಬಂತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್‌ನಲ್ಲಿ ವಾಪಸ್ ಹೋಯಿತು. 2023ರಲ್ಲಿ ಕಾರ್ಖಾನೆ ಕಾಯ್ದೆಗೇ ತಿದ್ದುಪಡಿ ತಂದು ದಿನಕ್ಕೆ 12 ಗಂಟೆವರೆಗೆ ದುಡಿಸೋಕೆ ದಾರಿ ಮಾಡಿದರು. 2024ರ ಜುಲೈನಲ್ಲಿ ಐಟಿಯವರಿಗೆ 14 ಗಂಟೆ ಅನ್ನೋ ಪ್ರಸ್ತಾಪ. ಐಟಿ ನೌಕರರ ಸಂಘ ಕಿಟು ಬೀದಿಗಿಳಿಯಿತು, ಅದು ತಣ್ಣಗಾಯಿತು. 2025ರಲ್ಲಿ ಮತ್ತೆ 10 ಗಂಟೆ, ಓಟಿ ಸೇರಿ 12 ಅಂತ ಚರ್ಚೆಗೆ ಬಂತು. ಅಂಬೇಡ್ಕರ್ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಮಂಡಿಸಿದ ಮಸೂದೆಯಿಂದ 1946ರಲ್ಲಿ ವಾರಕ್ಕೆ 54 ಗಂಟೆ ಇದ್ದದ್ದು 48ಕ್ಕೆ ಇಳಿದಿತ್ತು. ಎಂಬತ್ತು ವರ್ಷ ಆಗ್ತಾ ಬಂತು, ಯಂತ್ರ, ಕಂಪ್ಯೂಟರು, ಈಗ ಎಐ ಎಲ್ಲಾ ಬಂದ ಮೇಲೆ ನಾವು ಆ ಗಡಿಯಾರವನ್ನ ಹಿಂದಕ್ಕೆ ತಿರುಗಿಸೋ ಮಾತಾಡ್ತಿದ್ದೀವಿ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಓಟಿಗೆ ಕಾರ್ಮಿಕನ ಒಪ್ಪಿಗೆ ಬೇಕು ಅಂತಿದೆ, ಎರಡು ಪಟ್ಟು ಕೂಲಿಯೂ ಇದೆ. ಒಳ್ಳೇದು. ನನ್ನ ಅನುಮಾನ ಏನಂದ್ರೆ, ಆ ಒಪ್ಪಿಗೆ ಕೆಲಸಕ್ಕೆ ಸೇರೋ ದಿನ ಸಹಿ ಹಾಕಿಸೋ ಇಪ್ಪತ್ತು ಕಾಗದಗಳಲ್ಲಿ ಒಂದಾಗಿಬಿಡುತ್ತೆ. ಪ್ರತಿ ಸಲ, ಆಯಾ ದಿನ ತಗೊಳ್ಳದ ಒಪ್ಪಿಗೆ ಎಂಥಾ ಒಪ್ಪಿಗೆ?

ನಾರಾಯಣಮೂರ್ತಿಯವರ ಬಗ್ಗೆ ಒಂದು ಮಾತು, ಯಾಕಂದ್ರೆ ಅವರನ್ನ ಬೈಯೋದು ಈಗ ಫ್ಯಾಷನ್. ಅವರು ತಾವು ದುಡಿದಿದ್ದನ್ನೇ ಹೇಳಿದರು, ಸುಳ್ಳು ಹೇಳಲಿಲ್ಲ. ತೊಂಬತ್ತರ ದಶಕದಲ್ಲಿ ಇನ್ಫೋಸಿಸ್ ನೌಕರರಿಗೂ ಷೇರು ಕೊಟ್ಟಿತ್ತು, ಆ ಕಾಲಕ್ಕೆ ಅದು ಅಪರೂಪ. ಆಗ ರಾತ್ರಿ ಕೂತು ದುಡಿದವನಿಗೆ ಆ ರಾತ್ರಿಯಲ್ಲಿ ಒಂದು ಪಾಲಿತ್ತು. ಇವತ್ತು ಫ್ರೆಷರ್‌ಗೆ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು, ಹತ್ತು ವರ್ಷದ ಹಿಂದೆಯೂ ಅದೇ ಆಸುಪಾಸು. ಪಾಲು ಕೊಡದೆ ಮಾಲೀಕನ ನಿಯತ್ತು ಕೇಳಿದರೆ ಹೇಗೆ? ಎಪ್ಪತ್ತು ಗಂಟೆಯನ್ನ ಆರು ದಿನಕ್ಕೆ ಹಂಚಿದರೆ ದಿನಕ್ಕೆ 11 ಗಂಟೆ 40 ನಿಮಿಷ. ಅದರ ಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ ಇದೆ. ಅದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ.

ಲೆಕ್ಕಕ್ಕೆ ತಗೊಳ್ಳದ ಇನ್ನೊಂದು ದೊಡ್ಡ ಬಾಬ್ತು ಇದೆ. ಎಪ್ಪತ್ತು ಗಂಟೆ ಆಫೀಸಿನಲ್ಲಿರೋ ಮನುಷ್ಯನಿಗೆ ಊಟ ಯಾರು ಮಾಡಿದರು? ಮಗುವನ್ನ ಸ್ಕೂಲಿಂದ ಕರಕೊಂಡು ಬಂದವರು ಯಾರು? 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಕೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಕೊಡೋದು 289 ನಿಮಿಷ, ಮಾಡೋ ಗಂಡಸರು 88 ನಿಮಿಷ. ಮನೇಲಿ ಹೆಂಡತಿ ಮುಖ ಎಷ್ಟೊತ್ತು ನೋಡ್ತೀರಿ ಅಂತ ಕೇಳಿದ ಆ ಎಲ್ ಅಂಡ್ ಟಿಯ ದೊಡ್ಡ ಮನುಷ್ಯರಿಗೆ ಆ ಹೆಂಡತಿ ಆ ಹೊತ್ತಿನಲ್ಲಿ ಏನು ಮಾಡ್ತಿರ್ತಾಳೆ ಅನ್ನೋ ಪ್ರಶ್ನೆ ಬಂದ ಹಾಗಿಲ್ಲ. ಅವಳಿಗೆ ಪಂಚಿಂಗ್ ಮಷೀನೂ ಇಲ್ಲ, ಸಿಂಗಲ್ ಓಟಿಯೂ ಇಲ್ಲ. ಅವಳೇ ಆಫೀಸಿಗೆ ಹೋಗೋಳಾದರೆ ರಾತ್ರಿ ಒಂಬತ್ತೂವರೆ ಕಾಲಿಗೆ ಕೂತು, ಕೈಯಲ್ಲಿ ಬೀನ್ಸ್ ಬಿಡಿಸ್ತಿರ್ತಾಳೆ.

ಆರೋಗ್ಯದ ವಿಷಯ ಹೆಚ್ಚು ಹೇಳಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯೋರಿಗೆ ಪಾರ್ಶ್ವವಾಯುವಿನ ಅಪಾಯ, 35–40 ಗಂಟೆ ದುಡಿಯೋರಿಗಿಂತ ಶೇ. 35ರಷ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಒ) ಸೇರಿ 2021ರಲ್ಲೇ ಅಂದಾಜು ಕೊಟ್ಟಿವೆ. ಎಪ್ಪತ್ತು, ತೊಂಬತ್ತು ಅನ್ನೋರು ಅದನ್ನ ಓದಿರ್ತಾರೆ.

ಸಣ್ಣ ಕಾರ್ಖಾನೆ ಮಾಲೀಕರ ಬಗ್ಗೆ ನನಗೆ ಮರುಕ ಇದೆ, ಇಲ್ಲ ಅನ್ನಲ್ಲ. ಹತ್ತು ಜನರ ವರ್ಕ್‌ಶಾಪ್, ದೊಡ್ಡ ಕಂಪನಿಯಿಂದ ಬಿಲ್ ಪಾಸಾಗೋಕೆ ಮೂರು ತಿಂಗಳು, ನಡುವೆ ಕರೆಂಟ್ ಬಿಲ್ಲು. ಅವರು ತಾವೇ ಹದಿನಾಲ್ಕು ಗಂಟೆ ಮಷೀನ್ ಮುಂದೆ ನಿಲ್ತಾರೆ. ಆದರೆ ಅವರ ಕಷ್ಟಕ್ಕೆ ಪರಿಹಾರ ಬಿಲ್ ತಡೆಹಿಡಿದ ದೊಡ್ಡ ಕಂಪನಿಯ ಹತ್ತಿರ ಇದೆ, ಲೇತ್ ನಡೆಸೋ ಹುಡುಗನ ಸಂಜೆಯಲ್ಲಿ ಇಲ್ಲ.

ತಂಗಿ ಮಗನಿಗೆ ಒಂದು ಉಪಾಯ ಹೇಳಿಕೊಟ್ಟಿದ್ದೆ. ಜಗಳ ಆಡಬೇಡ, ಆಗಲ್ಲ ಅಂತಾನೂ ಅನ್ನಬೇಡ. ಶನಿವಾರ ಬರಬೇಕು ಅಂದ್ರೆ ಒಂದು ಮೇಲ್ ಹಾಕು: ‘ಶನಿವಾರ ಆರು ಗಂಟೆ ಕೆಲಸ ಮಾಡ್ತೀನಿ, ಟೈಂಶೀಟಿನಲ್ಲಿ ಯಾವ ಹೆಡ್ ಕೆಳಗೆ ಹಾಕಲಿ, ಕಾರಣ ಏನಂತ ಬರೀಲಿ?’ ಅಷ್ಟೇ. ಕಳೆದ ತಿಂಗಳು ಹಾಕಿದ. ಶುಕ್ರವಾರ ಸಂಜೆವರೆಗೂ ಉತ್ತರ ಬರಲಿಲ್ಲ. ಏಳು ಗಂಟೆಗೆ ಲೀಡ್ ಫೋನ್ ಮಾಡಿ, ಪರವಾಗಿಲ್ಲ, ಸೋಮವಾರ ನೋಡೋಣ ಅಂದರಂತೆ. ಅಪ್ರೈಸಲ್‌ನಲ್ಲಿ ಏನು ಬರೀತಾರೋ ಏಪ್ರಿಲ್‌ನಲ್ಲಿ ಗೊತ್ತಾಗುತ್ತೆ.