ಹಸು ಏನು ತಿನ್ನುತ್ತದೆ, ಹೇಳಿ ಮಕ್ಕಳೇ

2025ರ ದಸರೆಯಲ್ಲಿ ನಮ್ಮ ಮನೆಯ ಗೇಟಿನ ಮುಂದೆ ಒಬ್ಬ ವಿಜ್ಞಾನ ಶಿಕ್ಷಕಿ ಸುಮಾರು ಅರ್ಧ ಗಂಟೆ ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತಿದ್ದರು. ದೂರದಿಂದ ನೋಡಿದವರು ಸೂರ್ಯನಿಗೆ ಅರ್ಘ್ಯ ಬಿಡುತ್ತಿದ್ದಾರೆ ಎಂದುಕೊಳ್ಳಬೇಕು. ಸಿಗ್ನಲ್ ಹುಡುಕುತ್ತಿದ್ದರು. ಪಕ್ಕದ ಮನೆಯ ನಾಯಿ ಅವರಿಗೆ ಸಂಪೂರ್ಣ ಅಸಹಕಾರ ಘೋಷಿಸಿತ್ತು. ಮೀಟರ್ ಬೋರ್ಡಿನ ಮೇಲೆ ಅಂಟಿಸಿದ್ದ ಚೀಟಿ ಮಳೆಗೆ ನೆನೆದು ಅರ್ಧ ಕಿತ್ತುಹೋಗಿ, ನಮ್ಮ ಮನೆಗೆ ಸರ್ಕಾರ ದಯಪಾಲಿಸಿದ್ದ ಸಂಖ್ಯೆಯಲ್ಲಿ ಕೊನೆಯ ಮೂರು ಅಂಕಿ ಮಾಯವಾಗಿದ್ದವು.

ಕಥೆ ನಿಮಗೆ ಗೊತ್ತೇ ಇದೆ. ಸೆಪ್ಟೆಂಬರ್ 22ಕ್ಕೆ ಶುರುವಾದ, ಜನ ಜಾತಿಗಣತಿ ಎಂದೇ ಕರೆದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಗಣತಿದಾರರಲ್ಲಿ ಹೆಚ್ಚಿನವರು ಸರ್ಕಾರಿ ಶಾಲೆಯ ಮೇಷ್ಟ್ರುಗಳು, ಮೇಡಂಗಳು. ಹಾಗಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನೇ 18ರವರೆಗೆ ಎಳೆಯಲಾಯಿತು. ಮಕ್ಕಳು ಕುಣಿದಾಡಿದರು. ಕುಟುಂಬಕ್ಕೆ 60 ಪ್ರಶ್ನೆ. ಪ್ರಶ್ನೆ ಜಾಸ್ತಿಯಾಯಿತು ಎಂದು ಉಪಮುಖ್ಯಮಂತ್ರಿಗಳೇ ಗೊಣಗಿದ್ದನ್ನು ಟಿವಿಯಲ್ಲಿ ನೋಡಿದೆವು. ಸಮೀಕ್ಷೆಯೇ ಬೇಡ ಎನ್ನುವ ಜಾತಿಗೆ ಸೇರಿದವನಲ್ಲ ನಾನು. ಪಂಕ್ತಿಯಲ್ಲಿ ಯಾರ ಎಲೆಗೆ ಎಷ್ಟು ಬಿತ್ತು ಎಂದು ನೋಡದೆ ಬಡಿಸುವುದು ಹೇಗೆ? ಆದರೆ ಎಲೆ ಎಣಿಸಲು ಅಡುಗೆಯವರನ್ನೇ ಒಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದರೆ ಅನ್ನ ಏನಾಗಬೇಕು?

ಅದೇ ಹೊತ್ತಿಗೆ ಒಳಗೆ, ಬೊಂಬೆ ಕೂರಿಸಿದ್ದ ಹಂತಗಳ ಕೆಳಗೆ ನೆಲದ ಮೇಲೆ ನನ್ನ ಅಕ್ಕನ ಮಗಳು ಪಾಠಯೋಜನೆ ಬರೆಯುತ್ತ ಕುಳಿತಿದ್ದಳು. ಬಿ.ಎಡ್. ಓದುತ್ತಿದ್ದಾಳೆ. ಎರಡು ವರ್ಷದ ಕೋರ್ಸು. 2015ಕ್ಕೆ ಮೊದಲು ಒಂದೇ ವರ್ಷಕ್ಕೆ ಬರುತ್ತಿದ್ದ ವಿದ್ಯೆ ಈಗ ಎರಡು ವರ್ಷ ಬೇಯುತ್ತದೆ. ಮತ್ತೆ ಒಂದು ವರ್ಷದ್ದನ್ನು ತರುವ ಮಾತೂ ನಡೆದಿದೆ. ಒಟ್ಟಿನಲ್ಲಿ ಕುಕ್ಕರಿನ ಸೀಟಿ ಎಷ್ಟು ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಅವಳ ಮುಂದೆ ಕೆಂಪು ಶಾಯಿಯಲ್ಲಿ ಅಂಚು ಹೊಡೆದ ದೊಡ್ಡ ಪುಸ್ತಕ. ನಿರ್ದಿಷ್ಟೋದ್ದೇಶ, ಬೋಧನಾಂಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಕಪ್ಪುಹಲಗೆ ಕೆಲಸ, ಮೌಲ್ಯಮಾಪನ ಎಂದು ಉದ್ದಕ್ಕೆ ಗೆರೆ. ಮಕ್ಕಳು ಏನು ಉತ್ತರ ಹೇಳುತ್ತಾರೆ ಎನ್ನುವುದನ್ನೂ ಮುಂಚಿತವಾಗಿ ಅದರಲ್ಲಿ ಬರೆದಿಡಬೇಕು. ಜಾತಕ ಬರೆಯುವವರಿಗೂ ಇಷ್ಟು ಧೈರ್ಯ ಇರುವುದಿಲ್ಲ.

ಆ ಜಾತಕ ಒಮ್ಮೆ ಕೈಕೊಟ್ಟದ್ದನ್ನು ಅವಳೇ ಹೇಳಿದಳು. ಏಳನೇ ತರಗತಿ, ಸಸ್ಯಗಳಲ್ಲಿ ಪೋಷಣೆ. ಹಿಂದೆ ಗೋಡೆಗೆ ಒರಗಿ ಕಾಲೇಜಿನ ಉಪನ್ಯಾಸಕರು ಅಂಕದ ಹಾಳೆ ಹಿಡಿದು ಕುಳಿತಿದ್ದಾರೆ. ಮೊದಲು ಪೀಠಿಕಾ ಕೌಶಲ: ಪಾಠದ ಹೆಸರನ್ನು ನೇರವಾಗಿ ಹೇಳಬಾರದು, ಮಕ್ಕಳ ಬಾಯಿಂದಲೇ ಬರಿಸಬೇಕು. ತಿಳಿದದ್ದರಿಂದ ತಿಳಿಯದುದರ ಕಡೆಗೆ. ಯೋಜನೆಯ ಪ್ರಕಾರ ಅವಳು ಕೇಳಿದಳು: “ಮಕ್ಕಳೇ, ಹಸು ಏನು ತಿನ್ನುತ್ತದೆ?” ಪುಸ್ತಕದಲ್ಲಿ ಬರೆದಿದ್ದ ಉತ್ತರ: ಹುಲ್ಲು. ಆಮೇಲೆ ‘ಹುಲ್ಲು ಏನು ತಿನ್ನುತ್ತದೆ?’ ಎಂದು ಕೇಳಬೇಕು, ಮಕ್ಕಳು ತಬ್ಬಿಬ್ಬಾಗಬೇಕು, ಆಗ ದ್ಯುತಿಸಂಶ್ಲೇಷಣೆ ವೇದಿಕೆಗೆ ಬರಬೇಕು. ಮೂರನೇ ಬೆಂಚಿನ ಹುಡುಗ ಎದ್ದು ನಿಂತು ಕೈಕಟ್ಟಿ ಹೇಳಿದ: “ಪ್ಲಾಸ್ಟಿಕ್, ಮಿಸ್.”

ಹುಡುಗ ತಪ್ಪು ಹೇಳಲಿಲ್ಲ. ಶಾಲೆಯ ಕಾಂಪೌಂಡಿನ ಹೊರಗೆ ಕಸದ ತೊಟ್ಟಿ ಇದೆ, ಅಲ್ಲಿ ಹಸು ಇದೆ, ಹಸುವಿನ ಬಾಯಲ್ಲಿ ಕವರ್ ಇದೆ. ಅವನು ತನಗೆ ತಿಳಿದದ್ದರಿಂದಲೇ ಹೊರಟಿದ್ದ. ಆ ವರ್ಷವೆಲ್ಲ ಆ ಶಾಲೆಯಲ್ಲಿ ಯಾವ ಮಗುವೂ ಅದಕ್ಕಿಂತ ಒಳ್ಳೆಯ ವಿಜ್ಞಾನದ ಉತ್ತರ ಕೊಟ್ಟಿರಲಾರದು. ಆದರೆ ಕೋಷ್ಟಕದಲ್ಲಿ ಪ್ಲಾಸ್ಟಿಕ್ಕಿಗೆ ಕಾಲಂ ಇಲ್ಲ. ನಮ್ಮ ಹುಡುಗಿ ಗಾಬರಿಯಾಗಿ “ಶಭಾಷ್, ಕುಳಿತುಕೋ” ಎಂದುಬಿಟ್ಟು ಪಕ್ಕದ ಹುಡುಗಿಯಿಂದ ಹುಲ್ಲು ಹೊರಡಿಸಿದಳು. ಉಪನ್ಯಾಸಕರ ಷರಾ: ಪುನರ್ಬಲನ (ಅಂದರೆ ಉತ್ತರ ಹೇಳಿದ ಮಗುವನ್ನು ಹುರಿದುಂಬಿಸುವುದು) ಉತ್ತಮ.

ಇಷ್ಟಾದ ಮೇಲೆ ಚಾರ್ಟ್ ತೋರಿಸಬೇಕು. ಬಿ.ಎಡ್. ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಗಳನ್ನು ನೋಡಿದ್ದೀರಾ? ಶಿಕ್ಷಣಶಾಸ್ತ್ರದ ನಿಜವಾದ ಪೀಠಗಳು ಅವು. ಹೂವಿನ ಭಾಗಗಳು, ಹೃದಯದ ಸೀಳುನೋಟ, ಅಶೋಕನ ಸಾಮ್ರಾಜ್ಯ, ಎಲ್ಲವೂ ಬರೆದು, ಬಣ್ಣ ತುಂಬಿ, ಸುರುಳಿ ಸುತ್ತಿ ಸಿಗುತ್ತವೆ. ಥರ್ಮಕೋಲಿನ ಜ್ವಾಲಾಮುಖಿಗೆ ಬೆಲೆ ಹೆಚ್ಚು, ಬಲ್ಬು ಉರಿಯುವುದಿದ್ದರೆ ಇನ್ನೂ ಹೆಚ್ಚು. ಹಳೆಯ ವಿದ್ಯಾರ್ಥಿಗಳ ಪಾಠಯೋಜನೆ ಪುಸ್ತಕಗಳು ಕಟ್ಟು ಕಟ್ಟಾಗಿ ಕುಳಿತಿರುತ್ತವೆ; ಹೆಸರಿನ ಪುಟ ಬದಲಿಸಿಕೊಂಡರೆ ಆಯಿತು. ಒಂದು ಅಂಗಡಿಯವನು ನನಗೆ ಅಭಿಮಾನದಿಂದ ಹೇಳಿದ್ದ: “ಸರ್, ಈ ಒಂದು ಯೋಜನೆಯಲ್ಲಿ ಒಂಬತ್ತು ಬ್ಯಾಚು ಪಾಸಾಗಿದೆ.” ಒಂಬತ್ತು ವರ್ಷ ಒಂದೇ ಹಸು ಒಂದೇ ಹುಲ್ಲು ತಿಂದಿದೆ! ಅಂಗಡಿಯವನಿಗೆ ಪಾಠ ಬಾಯಿಪಾಠವಾಗಿದೆ. ಅವನನ್ನೇ ನೇಮಿಸಿಕೊಳ್ಳಬಹುದಿತ್ತು, ಆದರೆ ಅವನ ಹತ್ತಿರ ಬಿ.ಎಡ್. ಇಲ್ಲ.

ಬಿ.ಎಡ್. ಹೇಗೆ ಬರುತ್ತದೆ ಎನ್ನುವುದೂ ಗುಟ್ಟಲ್ಲ. 2012ರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗವನ್ನು ಉಲ್ಲೇಖಿಸಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಬರೆದುಕೊಂಡಿದ್ದಾರೆ: ದೇಶದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಿಡಿ ಬಿಡಿ ಶಿಕ್ಷಕ ಶಿಕ್ಷಣ ಸಂಸ್ಥೆಗಳಿವೆ, ಅವುಗಳಲ್ಲಿ ಬಹುಪಾಲು ಗಂಭೀರವಾಗಿ ಕಲಿಸುವ ಪ್ರಯತ್ನವನ್ನೇ ಮಾಡುತ್ತಿಲ್ಲ, ದುಡ್ಡಿಗೆ ಪದವಿ ಮಾರುತ್ತಿವೆ. ಬೀದಿಬದಿಯ ಪುಕಾರಲ್ಲ ಇದು, ಸರ್ಕಾರದ ನೀತಿ ಪುಸ್ತಕದ ವಾಕ್ಯ. ವೈದ್ಯಕೀಯ ಕಾಲೇಜುಗಳ ಬಗ್ಗೆ ಹೀಗೆ ಬರೆದಿದ್ದರೆ ಮರುದಿನವೇ ಬಂದ್ ಆಗುತ್ತಿತ್ತು. ಮೇಷ್ಟ್ರುಗಳ ವಿಷಯವಲ್ಲವೇ, ಓದಿ, ಮಡಚಿ, ಕಪಾಟಿನಲ್ಲಿಟ್ಟೆವು.

ಇರಲಿ, ಗೇಟಿನ ಹತ್ತಿರ ಹೋಗೋಣ. ಒಟಿಪಿ ಇನ್ನೂ ಬಂದಿರಲಿಲ್ಲ.

ಆಗ ನನಗೆ ಹೊಳೆಯಿತು: ನಮ್ಮ ಬಿ.ಎಡ್. ಸುಮ್ಮನೆ ಹಳಿಸಿಕೊಳ್ಳುತ್ತಿದೆ, ಅದರ ತತ್ತ್ವಗಳು ಎಲ್ಲಿಯೂ ವ್ಯರ್ಥವಾಗಿಲ್ಲ. ಎಲ್ಲ ಭಾವೀ ಶಿಕ್ಷಕರೂ ಉರು ಹೊಡೆಯುವ, ಜರ್ಮನಿಯ ಶಿಕ್ಷಣತಜ್ಞ ಹರ್ಬರ್ಟನ ಪಂಚಸೋಪಾನಗಳನ್ನೇ ತೆಗೆದುಕೊಳ್ಳಿ. ಪೂರ್ವಸಿದ್ಧತೆ: ನಾಯಿ ಕಟ್ಟಿದೆಯೇ ಎಂದು ಗೇಟಿನ ಹೊರಗಿನಿಂದಲೇ ವಿಚಾರಿಸುವುದು. ವಿಷಯ ಮಂಡನೆ: ಕೊರಳಿನ ಗುರುತಿನ ಚೀಟಿ ತೋರಿಸಿ, ತಾವು ಸೀರೆ ಮಾರುವವರಲ್ಲ ಎಂದು ಮನದಟ್ಟು ಮಾಡುವುದು. ಹೋಲಿಕೆ: ಆಧಾರ್‌ನಲ್ಲಿರುವ ಮುಖಕ್ಕೂ ಬಾಗಿಲು ತೆರೆದ ಮುಖಕ್ಕೂ. ಸಾಮಾನ್ಯೀಕರಣ: ಉಪಜಾತಿ ಯಾವುದು ಎಂದರೆ ಎಲ್ಲ ಮನೆಯಲ್ಲೂ ಗಂಡ ಹೆಂಡತಿಯ ಮುಖ ನೋಡುತ್ತಾನೆ. ಕೊನೆಗೆ ಅನ್ವಯ, ಅಂದರೆ ಅಪ್‌ಲೋಡ್, ಅದು ಆಗುವುದಿಲ್ಲ. ಹರ್ಬರ್ಟ್ 1841ರಲ್ಲೇ ತೀರಿಕೊಂಡ ಪುಣ್ಯಾತ್ಮ. ನಿಜ ಹೇಳಬೇಕೆಂದರೆ ಅವನು ಹೇಳಿದ್ದು ನಾಲ್ಕೇ ಮೆಟ್ಟಿಲು, ಐದು ಮಾಡಿದವರು ಶಿಷ್ಯರು. ಇನ್ನೊಂದು ಕಾಲಂ ಹೆಚ್ಚಿಸುವ ಚಟ ಶಿಕ್ಷಣ ಲೋಕಕ್ಕೆ ಆಗಲೇ ಹತ್ತಿತ್ತು.

ಆ ಸೆಪ್ಟೆಂಬರ್ 1ರಂದೇ ಸುಪ್ರೀಂ ಕೋರ್ಟ್ ಇನ್ನೊಂದು ಬಾಂಬು ಹಾಕಿತ್ತು: ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಹಳೆಯ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು. 150 ಅಂಕದ ಪರೀಕ್ಷೆ, ಅದರಲ್ಲಿ 30 ಅಂಕ ಶಿಶು ವಿಕಾಸ ಮತ್ತು ಬೋಧನಾ ಕ್ರಮಕ್ಕೆ. ಪರೀಕ್ಷೆ ಬೇಡವೆನ್ನಲು ನಾನ್ಯಾರು? ಕಾಲಕ್ಕೆ ತಕ್ಕ ಒಂದು ಪ್ರಶ್ನೆ ಸೇರಿಸಿಕೊಳ್ಳಿ ಎನ್ನುತ್ತೇನೆ ಅಷ್ಟೆ. ಮನೆಯ ಯಜಮಾನರು ಸ್ನಾನಕ್ಕೆ ಹೋಗಿದ್ದಾರೆ. ಒಟಿಪಿ ಅವರ ನಂಬರಿಗೆ ಬಂದಿದೆ. ಆ ಮೊಬೈಲನ್ನು ಮಗ ಬೆಂಗಳೂರಿಗೆ ಒಯ್ದಿದ್ದಾನೆ. ನಿಮ್ಮ ಬ್ಯಾಟರಿ ಶೇಕಡಾ ನಾಲ್ಕಿದೆ. ಈ ಸನ್ನಿವೇಶದಲ್ಲಿ ಮಕ್ಕಳ ಕಲಿಕೆಯ ಪಂಡಿತರಲ್ಲಿ ನೀವು ಪಿಯಾಜೆಯನ್ನು ಅನುಸರಿಸುವಿರೋ, ವೈಗಾಟ್‌ಸ್ಕಿಯನ್ನೋ?

ಒಳಗೆ ಅಕ್ಕನ ಮಗಳು ಈಗ ‘ತರಗತಿ ನಿರ್ವಹಣೆ’ ಅಧ್ಯಾಯಕ್ಕೆ ಬಂದಿದ್ದಳು. ಗಾಳಿ ಬೆಳಕು, ಆಸನ ವ್ಯವಸ್ಥೆ, ಕಣ್ಣೋಟದ ಸಂಪರ್ಕ, ವೈಯಕ್ತಿಕ ಭಿನ್ನತೆಗೆ ಗಮನ. ಓದಲು ಎಷ್ಟು ತಂಪು! ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಕಿರಿಯ ಪ್ರಾಥಮಿಕಕ್ಕೆ 30 ಮಕ್ಕಳಿಗೊಬ್ಬ ಶಿಕ್ಷಕರು, ಹಿರಿಯ ಪ್ರಾಥಮಿಕಕ್ಕೆ 35ಕ್ಕೊಬ್ಬರು. ನಲಿ-ಕಲಿ ಎಂಬ ಒಳ್ಳೆಯ ಪ್ರಯೋಗವೊಂದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು, ತಮ್ಮ ತಮ್ಮ ವೇಗದಲ್ಲಿ, ಕಾರ್ಡು ಹಿಡಿದು ಕಲಿಯುವ ಕ್ರಮ. ಅದಕ್ಕೆ ಬೇಕಾದದ್ದು ದಿನವಿಡೀ ಮಕ್ಕಳ ನಡುವೆ ನೆಲದ ಮೇಲೆ ಕೂರುವ ಒಬ್ಬ ಮೇಡಂ. ಆ ಮೇಡಂ ಈ ಹೊತ್ತು ಎಲ್ಲಿದ್ದಾರೆ? ಬಿಸಿಯೂಟದ ಅಕ್ಕಿ ಬೇಳೆ ಅಳೆದು ಕೊಡುತ್ತಿದ್ದಾರೆ. ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ಕೇಳಿದವರೆಷ್ಟು ಎಂದು ಪಟ್ಟಿ ಹಚ್ಚುತ್ತಿದ್ದಾರೆ. ಹಾಲು ಕುಡಿದ ತಲೆ ಎಣಿಸುತ್ತಿದ್ದಾರೆ. ಎಸ್‌ಎಟಿಎಸ್‌ನಲ್ಲಿ (ಅದು ಮಕ್ಕಳ ದಾಖಲೆ ಇಡುವ ಸರ್ಕಾರಿ ತಂತ್ರಾಂಶ) ಮಗುವಿನ ಹೆಸರಿಗೂ ಆಧಾರಿನ ಹೆಸರಿಗೂ ಒಂದು ದೀರ್ಘ ಹೆಚ್ಚು ಕಮ್ಮಿಯಾಗಿರುವುದನ್ನು ಸರಿಪಡಿಸುತ್ತಿದ್ದಾರೆ. ಹನ್ನೊಂದು ಗಂಟೆಗೆ ವಾಟ್ಸಾಪ್ ಗುಂಪಿನಲ್ಲಿ ‘ಹನ್ನೆರಡರೊಳಗೆ ಮಾಹಿತಿ ನೀಡತಕ್ಕದ್ದು, ತಪ್ಪಿದಲ್ಲಿ ತಮ್ಮನ್ನೇ ಹೊಣೆಗಾರರನ್ನಾಗಿ ಮಾಡಲಾಗುವುದು’ ಎಂಬ ಸಂದೇಶ ಬಂದಿದೆ. ಖಾಲಿ ಹುದ್ದೆಯ ಜಾಗದಲ್ಲಿ ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸಿಗೆ ದುಡಿಯುವ ಅತಿಥಿ ಶಿಕ್ಷಕಿ ಮೂರು ಕೋಣೆ ನೋಡಿಕೊಳ್ಳುತ್ತಿದ್ದಾರೆ. ಅತಿಥಿ! ಯಾವ ಮನೆಯಲ್ಲಿ ಸ್ವಾಮಿ, ಅತಿಥಿಯ ಕೈಯಲ್ಲಿ ಇಷ್ಟು ಪಾತ್ರೆ ತಿಕ್ಕಿಸುತ್ತಾರೆ?

ಶಿಕ್ಷಣ ಹಕ್ಕು ಕಾಯಿದೆ, 2009. ಅದರ 27ನೇ ಕಲಂ ತೆಗೆದು ನೋಡಿದೆ. ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು; ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು. ಮೂರೇ. ಸಮೀಕ್ಷೆ ಎಂಬ ಪದವನ್ನು ಕನ್ನಡಕ ಒರೆಸಿಕೊಂಡು ಹುಡುಕಿದೆ, ಸಿಗಲಿಲ್ಲ. ವಿಪತ್ತಿನ ಅಡಿಯಲ್ಲಿ ಸೇರಿಸಿಕೊಂಡಿರಬಹುದು.

ತಮಾಷೆ ಸಾಕು. ನನಗೆ ಸಿಟ್ಟು ಬರುವುದು ಮೇಡಂ ಬಿಸಿಲಲ್ಲಿ ನಿಂತದ್ದಕ್ಕೂ ಅಲ್ಲ, ಅದಕ್ಕೆ ಗೌರವಧನವಾದರೂ ಉಂಟು. ಹತ್ತು ದಿನ ಸರ್ಕಾರಿ ಶಾಲೆಗೆ ಬೀಗ ಬಿತ್ತು. ನಮ್ಮ ಬೀದಿಯಲ್ಲಿ ಒಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನೂ ಕೆಡಿಸಿಕೊಳ್ಳಲಿಲ್ಲ. ಏಕೆಂದರೆ ನಮ್ಮ ಬೀದಿಯ ಒಂದು ಮಗುವೂ ಆ ಶಾಲೆಗೆ ಹೋಗುವುದಿಲ್ಲ. ದಸರೆ ಮುಗಿದೊಡನೆ ಹಳದಿ ವ್ಯಾನು ಬಂದು ನಮ್ಮ ಮಕ್ಕಳನ್ನು ತುಂಬಿಕೊಂಡು ಹೋಯಿತು. ಆ ವ್ಯಾನಿಗೆ ದಾರಿ ಬಿಟ್ಟು, ರಸ್ತೆಯಂಚಿನಲ್ಲಿ ಗೋಲಿ ಆಡುತ್ತಿದ್ದ ಹುಡುಗರಿಗೆ ಇನ್ನೂ ರಜೆ. ಹೋದ ಪಾಠಗಳನ್ನು ವಿಶೇಷ ತರಗತಿ ತೆಗೆದುಕೊಂಡು ತುಂಬಿಕೊಡುತ್ತೇವೆ ಎಂದರು. ತುಂಬಿಕೊಡುವವರೂ ಇದೇ ಮೇಡಂ. ಜೂನ್‌ನಲ್ಲಿ ಫಲಿತಾಂಶ ಕುಸಿಯಿತೆಂದು ನೋಟಿಸು ಪಡೆಯುವವರೂ ಇದೇ ಮೇಡಂ. ಆಗ ನಾವೆಲ್ಲ ಸೇರಿ ಹೇಳುತ್ತೇವೆ: ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೆ ಏನು ಸ್ವಾಮಿ, ಕೈತುಂಬ ಸಂಬಳ, ವರ್ಷದಲ್ಲಿ ಅರ್ಧ ರಜೆ.

ಒಟಿಪಿ ನಾಲ್ಕನೇ ಸಲಕ್ಕೆ ಬಂತು. ಮೇಡಂ ಒಳಗೆ ಬಂದು ಕುಳಿತು ಪ್ರಶ್ನೆ ಕೇಳತೊಡಗಿದರು. ಕುಲಕಸುಬು ಯಾವುದು ಎಂಬಲ್ಲಿಗೆ ಬಂದಾಗ, ತಮ್ಮದು ಯಾವುದು ಎಂದು ಅವರನ್ನೇ ಕೇಳಬೇಕೆನ್ನಿಸಿತು, ಕೇಳಲಿಲ್ಲ. ನನ್ನ ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ಲೋಟ ಕೆಳಗಿಡುವಾಗ ಅವರ ಕಣ್ಣು ನೆಲದ ಮೇಲಿದ್ದ ಪಾಠಯೋಜನೆಯ ಮೇಲೆ ಬಿತ್ತು. ತೆಗೆದುಕೊಂಡು ಎರಡು ಪುಟ ತಿರುವಿದರು. ಅಲ್ಲಿಯವರೆಗೆ ಬಾಡಿದ್ದ ಮುಖ ಸ್ವಲ್ಪ ಅರಳಿತು.

“ಈ ಹಸುವಿನ ಪ್ರಶ್ನೆ ನಾನೂ ಕೇಳಿದ್ದೆ” ಎಂದರು.

“ಮಕ್ಕಳು ಹುಲ್ಲು ಎಂದರೇ ಮೇಡಂ?” ಮಗಳು ಕೇಳಿದಳು.

“ಆಗ ಹುಲ್ಲೇ ಎನ್ನುತ್ತಿದ್ದರಮ್ಮ.”

ಚಪ್ಪಲಿ ಮೆಟ್ಟುತ್ತ ಅವರು ಮತ್ತೆ ತಿರುಗಿದರು. ಇನ್ನು ಒಂದೂವರೆ ವರ್ಷಕ್ಕೆ ವೃತ್ತಿಗೆ ಬರುವ ಹುಡುಗಿಗೆ ಅನುಭವಸ್ಥರು ಏನಾದರೂ ಕಿವಿಮಾತು ಹೇಳುತ್ತಾರೆ ಎಂದು ನಾನೂ ಕಿವಿಗೊಟ್ಟೆ. ಮಗಳಂತೂ ಪೆನ್ನು ಹಿಡಿದೇ ನಿಂತಿದ್ದಳು.

“ಪವರ್ ಬ್ಯಾಂಕ್ ಒಂದು ತೆಗೆದುಕೋ ಮಗಳೇ” ಎಂದರು. “ಸ್ವಲ್ಪ ದೊಡ್ಡದನ್ನೇ ತೆಗೆದುಕೋ. ಚಿಕ್ಕದು ಮಧ್ಯಾಹ್ನದವರೆಗೂ ಬರುವುದಿಲ್ಲ.”