ಅಳಿಸಬೇಡಿ

ಮಗಳಿಗೆ ವಾರದಲ್ಲಿ ಮೂರು ದಿನ ಶಾಲೆ, ಎರಡು ದಿನ ಮನೆಯಿಂದಲೇ ಕ್ಲಾಸು. ಮೊನ್ನೆ ಮನೆ ಕ್ಲಾಸಿನ ದಿನ ಸುಮ್ನೆ ಅವಳ ಲ್ಯಾಪ್‌ಟಾಪ್‌ಗೆ ಇಣುಕಿದೆ. ಸೈಬರ್ ಭದ್ರತಾ ಸಪ್ತಾಹವಂತೆ. ಮೇಷ್ಟ್ರು ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಬೋಧಿಸುತ್ತಿದ್ದರು: 'ನನ್ನ ಪಾಸ್‌ವರ್ಡನ್ನು ನಾನು ಯಾರಿಗೂ ಹೇಳುವುದಿಲ್ಲ.' ಎದುರಿಗೆ ಕೂತ ಮಕ್ಕಳೂ ಮನೆಯಲ್ಲಿ ಕೂತ ಮಕ್ಕಳೂ ಒಟ್ಟಿಗೆ ಕೂಗಿದರು.

ಮೇಷ್ಟ್ರ ಬೆನ್ನ ಹಿಂದೆ ಬಿಳಿ ಬೋರ್ಡು. ಅದರ ಬಲ ಮೂಲೆಯಲ್ಲಿ ಕೆಂಪು ಶಾಯಿಯ ಒಂದು ಚೌಕ. ಚೌಕದೊಳಗೆ ಮೊದಲ ಸಾಲು ವೈಫೈ ಪಾಸ್‌ವರ್ಡು, ಎರಡನೆಯ ಸಾಲು ಟೀಚರ್‌ಗಳ ಲಾಗಿನ್ನು, ಮೂರನೆಯ ಸಾಲು ಅದರ ಪಾಸ್‌ವರ್ಡು. ಕೆಳಗೆ ದಪ್ಪ ಅಕ್ಷರದಲ್ಲಿ 'ಅಳಿಸಬೇಡಿ'. ಮನೆಯ ಮಕ್ಕಳಿಗೆ ಬೋರ್ಡು ಚೆನ್ನಾಗಿ ಕಾಣಲಿ ಅಂತ ಶಾಲೆ ಹೋದ ವರ್ಷ ಹೊಸ ಎಚ್‌ಡಿ ಕ್ಯಾಮೆರಾ ಹಾಕಿಸಿತ್ತು. ಚೆನ್ನಾಗಿಯೇ ಕಾಣುತ್ತಿತ್ತು.

ಹೌದು, ಟೀಚರ್‌ಗಳಿಗೆಲ್ಲ ಸೇರಿ ಒಂದೇ ಲಾಗಿನ್ನು. ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೆ ಮರೆತುಹೋಗುತ್ತದೆ, ಅಲ್ವಾ? ಎರಡು ಹಂತದ ಪರಿಶೀಲನೆಯನ್ನೂ ಒಮ್ಮೆ ಹಾಕಿ ನೋಡಿದರಂತೆ. ಲಾಗಿನ್ನು ಒಂದೇ ಆದ್ದರಿಂದ ಓಟಿಪಿ ಹೋಗುವುದೂ ಒಂದೇ ಫೋನಿಗೆ, ಅದು ಹೆಡ್‌ಮಾಸ್ಟರದು. ಅವರು ಯಾವಾಗಲೂ ಮೀಟಿಂಗಿನಲ್ಲಿ. ನಾಲ್ಕನೇ ದಿನಕ್ಕೆ ಎರಡನೇ ಹಂತವನ್ನು ತೆಗೆದುಹಾಕಿ, ಮೊದಲನೇ ಹಂತವನ್ನು ಬೋರ್ಡ್ ಮೇಲೆ ಬರೆದರು.

ಹಾಗಂತ ಶಾಲೆ ಸುಮ್ಮನೆ ಕೂತಿದೆ ಅನ್ನುವ ಹಾಗಿಲ್ಲ. ಪ್ರತಿ ತಿಂಗಳ ಒಂದನೇ ತಾರೀಕು ಪಾಸ್‌ವರ್ಡ್ ಬದಲಾಯಿಸುತ್ತದೆ. ಜೂನ್‌ನಲ್ಲಿ ಕೊನೆಗೆ 06, ಜುಲೈನಲ್ಲಿ 07. ಆಗಸ್ಟ್‌ನದು ಏನು ಅಂತ ಕಂಡುಹಿಡಿಯಲು ಕಳ್ಳನಿಗೂ ಒಂದು ಕ್ಯಾಲೆಂಡರ್ ಬೇಕೇ ಬೇಕು. ಹೀಗೆ ಕಾಲಕಾಲಕ್ಕೆ ಬಲವಂತವಾಗಿ ಬದಲಾಯಿಸಿದರೆ ಜನ ಇನ್ನೂ ಸುಲಭದ ಪಾಸ್‌ವರ್ಡ್ ಇಡುತ್ತಾರೆ, ಈ ಪದ್ಧತಿ ಬಿಡಿ ಅಂತ ಅಮೆರಿಕದಲ್ಲಿ ತಾಂತ್ರಿಕ ಮಾನದಂಡ ರೂಪಿಸುವ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿತ್ತು. ಆ ಸುದ್ದಿ ಶಾಲೆಯ ಗೇಟಿನವರೆಗೆ ಬಂದು, ಕೊರಳಲ್ಲಿ ಐಡಿ ಕಾರ್ಡ್ ಇಲ್ಲದ್ದಕ್ಕೆ ವಾಪಸ್ ಹೋಗಿರಬೇಕು.

ಆನ್‌ಲೈನ್ ಕ್ಲಾಸಿಗೆ ಬಂದವರನ್ನು ಮೇಷ್ಟ್ರು ಒಳಗೆ ಬಿಡುವ ತನಕ ಹೊರಗೆ ಕಾಯಿಸುವ 'ವೇಟಿಂಗ್ ರೂಮ್' ಕಥೆ ಬೇರೆ. 2020ರಲ್ಲಿ ಅಪರಿಚಿತರು ಕ್ಲಾಸಿಗೆ ನುಗ್ಗಿ ಗಲಾಟೆ ಮಾಡುವುದು ಜಾಸ್ತಿಯಾದಾಗ, ಜೂಮ್ ಏಪ್ರಿಲ್‌ನಲ್ಲಿ ಈ ಬಾಗಿಲನ್ನು ತಾನಾಗಿಯೇ ಹಾಕಿರುವಂತೆ ಮಾಡಿತು. ಬಾಗಿಲೇನೋ ಬಂತು. ಹೊರಗೆ ನಿಂತವರ ಹೆಸರು ನೋಡಿ: 'ಅಮ್ಮನ ಮೊಬೈಲ್', 'ಐಫೋನ್ 2', 'ಅಪ್ಪ ಆಫೀಸ್', ಬರೀ ಒಂದು ಚುಕ್ಕಿ. ಇವರಲ್ಲಿ ಎಂಟನೇ ಕ್ಲಾಸಿನವರು ಯಾರು, ಯಾರಲ್ಲ? ಮೇಷ್ಟ್ರು ಒಂದು ಕ್ಷಣ ಕಣ್ಣು ಕಿರಿದು ಮಾಡುತ್ತಾರೆ, ಆಮೇಲೆ 'ಎಲ್ಲರನ್ನೂ ಸೇರಿಸಿ' ಒತ್ತುತ್ತಾರೆ. ಚುಕ್ಕಿಯೂ ಪ್ರತಿಜ್ಞೆ ತೆಗೆದುಕೊಂಡಿತು.

ಇಷ್ಟಕ್ಕೂ ನಮ್ಮ ಶಾಲೆಯನ್ನು ಮಾತ್ರ ಬೈದರೆ ಅನ್ಯಾಯ. ಶಾಲೆಗಳಿಗೆ ಸಾಫ್ಟ್‌ವೇರ್ ಮಾರುವ ಪವರ್‌ಸ್ಕೂಲ್ ಕಂಪನಿಯನ್ನೇ ನೋಡಿ. 2024ರ ಡಿಸೆಂಬರ್‌ನಲ್ಲಿ ಕದ್ದ ಲಾಗಿನ್ ಹಿಡಿದು ಕಳ್ಳ ಒಳಗೆ ಹೋದ. ಅಲ್ಲೂ ಎರಡನೇ ಹಂತ ಇರಲಿಲ್ಲ! 6 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ಮಾಹಿತಿ ಹೋಯಿತು ಅಂತ ಅಮೆರಿಕದ ಸರ್ಕಾರಿ ವಕೀಲರು ಲೆಕ್ಕ ಕೊಟ್ಟರು. ಅದು ಬಯಲಾಗದಿರಲಿ ಅಂತ ಕಂಪನಿ ಕಳ್ಳರಿಗೆ ಹಣ ಕೊಟ್ಟಿತು. ಮಾಹಿತಿಯನ್ನೆಲ್ಲ ಅಳಿಸಿಹಾಕಿದೆವು ಅಂತ ಕಳ್ಳರು ಒಂದು ವಿಡಿಯೋ ತೋರಿಸಿದರು, ಕಂಪನಿ ನಂಬಿತು. 2025ರ ಮೇ ತಿಂಗಳಲ್ಲಿ ಅದೇ ಮಾಹಿತಿ ಹಿಡಿದುಕೊಂಡು ಶಾಲೆಗಳಿಗೇ ನೇರವಾಗಿ ಬೆದರಿಕೆ ಬಂತು. ಕೊನೆಗೆ ತಪ್ಪೊಪ್ಪಿಕೊಂಡವನು 19 ವರ್ಷದ ಒಬ್ಬ ಕಾಲೇಜು ಹುಡುಗ. ಅಷ್ಟು ದೊಡ್ಡ ಕಂಪನಿಗೆ 'ಅಳಿಸಿದ್ದೇವೆ' ಅಂದರೆ ನಂಬುವ ಮನಸ್ಸು, ನಮ್ಮ ಮೇಷ್ಟ್ರಿಗೆ 'ಅಳಿಸಬೇಡಿ' ಅಂದರೆ ಪಾಲಿಸುವ ಮನಸ್ಸು.

ಹುಡುಗರು ಪಾಸ್‌ವರ್ಡ್ ಎಗರಿಸುವುದೇನೂ ಹೊಸದಲ್ಲ ಬಿಡಿ. 1962ರಲ್ಲಿ, ಪಾಸ್‌ವರ್ಡ್ ಇನ್ನೂ ಕೂಸಾಗಿದ್ದಾಗಲೇ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಅಲನ್ ಶೆರ್‌ಗೆ ಕಂಪ್ಯೂಟರಿನಲ್ಲಿ ಸಿಗುತ್ತಿದ್ದ ಸಮಯ ಸಾಲದಾಯಿತು. ಪಾಸ್‌ವರ್ಡ್ ಫೈಲನ್ನು ಪ್ರಿಂಟ್ ಮಾಡು ಅಂತ ಒಂದು ಪಂಚ್ ಕಾರ್ಡ್ (ಆಗ ಕಂಪ್ಯೂಟರಿಗೆ ಆದೇಶ ಕೊಡುತ್ತಿದ್ದ ತೂತಿನ ಕಾರ್ಡು) ಕೊಟ್ಟರು. ಯಂತ್ರ ವಿನಯದಿಂದ ಎಲ್ಲರ ಪಾಸ್‌ವರ್ಡನ್ನೂ ಪ್ರಿಂಟ್ ಮಾಡಿಕೊಟ್ಟಿತು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2025ರಲ್ಲಿ ಶಿಕ್ಷಣ ಸಂಸ್ಥೆಗಳ ಒಳಗಿನವರಿಂದಲೇ ಆದ 215 ಸೋರಿಕೆಗಳನ್ನು ನೋಡಿತು. ಶೇ 57ರಷ್ಟು ವಿದ್ಯಾರ್ಥಿಗಳ ಕೈಚಳಕ. ಹೇಗೆ? ಕೆಲವರು ಸುಲಭದ ಪಾಸ್‌ವರ್ಡ್ ಊಹಿಸಿದರು, ಕೆಲವರಿಗೆ ಅದು ಚೀಟಿಯಲ್ಲಿ ಬರೆದಿಟ್ಟಿದ್ದು ಸಿಕ್ಕಿತು. ಪಾಪ, ಅವರಿಗೆ ಚೀಟಿ ಹುಡುಕುವ ಕಷ್ಟವಾದರೂ ಇತ್ತು.

ನಮ್ಮಲ್ಲೂ ಆಗಬೇಕಾದ್ದು ಆಯಿತು. ಒಂದು ರಾತ್ರಿ ಯಾರೋ ಟೀಚರ್ ಲಾಗಿನ್ನಿನಿಂದ ಒಳಹೊಕ್ಕು ಶುಕ್ರವಾರದ ಗಣಿತ ಟೆಸ್ಟನ್ನು ರದ್ದು ಮಾಡಿ, ಇಡೀ ಕ್ಲಾಸಿಗೆ ಹಾಜರಿ ಹಾಕಿ, ಶುಭರಾತ್ರಿ ಹೇಳಿ ಹೋದರು. ಶಾಲೆ ಬೆಚ್ಚಿಬಿದ್ದಿತು. ಸಮಿತಿ ಕೂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ: ಮಕ್ಕಳು ಪೆನ್‌ಡ್ರೈವ್ ತರುವಂತಿಲ್ಲ, ಮಕ್ಕಳಿಗೆ ಪ್ರಬಂಧ ಸ್ಪರ್ಧೆ, ಮಕ್ಕಳಿಗೆ ಪ್ರತಿಜ್ಞೆ. ಜೊತೆಗೆ, ಮನೆಯಲ್ಲಿ ಪಾಸ್‌ವರ್ಡ್ ಮರೆಯುವವರ ಅನುಕೂಲಕ್ಕೆ ಒಂದು ಆನ್‌ಲೈನ್ ಹಾಳೆ. ಮಗುವಿನ ಹೆಸರು, ಹುಟ್ಟಿದ ದಿನ, ತಾಯಿಯ ಫೋನ್ ನಂಬರು, ಪಾಸ್‌ವರ್ಡು. ಲಿಂಕ್ ಇದ್ದವರೆಲ್ಲ ತೆರೆಯಬಹುದು, ತಿದ್ದಬಹುದು. ಲಿಂಕನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿ, 'ದಯವಿಟ್ಟು ಗೌಪ್ಯವಾಗಿಡಿ' ಎಂದು ಕೈಮುಗಿದಿದ್ದರು.

ಪೋಷಕರ ಸಭೆಯಲ್ಲಿ ತಡೆಯಲಾರದೆ ಕೇಳಿದೆ: 'ಸರ್, ಮೊದಲು ಆ ಬೋರ್ಡ್ ಮೇಲಿನದನ್ನು ಅಳಿಸಬಹುದಲ್ಲ?'

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಅಳಿಸಬೇಡಿ ಅಂತ ಬರೆದಿದೆಯಲ್ಲ?' ಎಂದರು ಒಬ್ಬರು. ಯಾರು ಬರೆದದ್ದು ಅಂತ ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಪಾಸ್‌ವರ್ಡ್ ಮಾತ್ರ ಬದಲಾಯಿತು. ಈ ಸಲ ತಜ್ಞರ ಸಲಹೆಯಂತೆ ಇಪ್ಪತ್ತು ಅಕ್ಷರದ್ದು, ಚಿಹ್ನೆ ಸಮೇತ, ಅದೇ ಚೌಕದಲ್ಲಿ. ಮೇಷ್ಟ್ರು ಅದಕ್ಕೆ ಒರಗಿ ನಿಂತು ಬೀಜಗಣಿತ ಶುರು ಮಾಡಿದರು. ಲ್ಯಾಪ್‌ಟಾಪಿನಿಂದ ಒಂದು ಪುಟ್ಟ ದನಿ ಬಂತು.

'ಸರ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಕೊನೆಯ ನಾಲ್ಕು ಅಕ್ಷರ ಕಾಣ್ತಿಲ್ಲ.'

'ಗುಡ್,' ಎಂದು ಮೇಷ್ಟ್ರು ಪಕ್ಕಕ್ಕೆ ಸರಿದರು. 'ಒಬ್ಬರಾದರೂ ಬೋರ್ಡ್ ನೋಡ್ತಿದ್ದೀರಲ್ಲ.'