ಮೂರು ಡಾಲರಿನ ಗಂಟಲು

ನ್ಯೂಜೆರ್ಸಿಯಲ್ಲಿರುವ ದೊಡ್ಡಪ್ಪನ ಮಗ ಈ ಸಲ ಊರಿಗೆ ಬಂದಾಗ ಬಾದಾಮಿ, ಚಾಕೊಲೇಟಿನ ಜೊತೆ ಒಂದು ಸಿ.ಡಿ.ಯನ್ನೂ ತಂದ. ಎಂಬತ್ತರ ದಶಕದ ಕೊನೆಯ ಮೂರು ನಾಲ್ಕು ವರ್ಷಗಳ ಇಂಗ್ಲಿಷ್ ಪಾಪ್ ಹಾಡುಗಳ ಸಂಕಲನ. ಅದನ್ನು ಹಾಕುವ ಯಂತ್ರ ಮನೆಯಲ್ಲಿ ಯಾರ ಬಳಿಯೂ ಉಳಿದಿಲ್ಲ. ಕೊನೆಗೆ ಅಂಗಳದಲ್ಲಿ ನಿಂತಿದ್ದ ಹಳೆಯ ಕಾರಿನ ಬಾಗಿಲು ತೆರೆದು, ಅಣ್ಣ, ಅತ್ತಿಗೆ, ಅಮ್ಮ, ನಾನು ಒಳಗೆ ಕುಳಿತು, ಎಲ್ಲಿಗೂ ಹೋಗದೆ ಒಂದೂವರೆ ಗಂಟೆ ಹಾಡು ಕೇಳಿದೆವು.

ಕೇಳುಗರ ಅಭಿಪ್ರಾಯಗಳು ಕೂಡಲೇ ಬರತೊಡಗಿದವು. ಹಾಡುಗಳನ್ನು ಕಾಲಕ್ರಮದಲ್ಲಿ ಜೋಡಿಸಿಲ್ಲ ಎಂದು ಅತ್ತಿಗೆ ಆಕ್ಷೇಪಿಸಿದರು. ಇರುವುದು ಒಂದೇ ಹಾಡು, ನಡುನಡುವೆ ಸುಧಾರಿಸಿಕೊಳ್ಳಲು ನಿಲ್ಲಿಸುತ್ತಾರೆ ಅಷ್ಟೇ ಎಂಬುದು ಅಮ್ಮನ ನಿಲುವು. ಅಣ್ಣನದು ಗಂಭೀರ ತಕರಾರು. ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಅವನು ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟು, ಗಲ್ಲಿಯ ಅಂಗಡಿಯೊಂದರಲ್ಲಿ ಅರವತ್ತು ನಿಮಿಷದ ಕ್ಯಾಸೆಟ್ ತುಂಬಿಸಿಕೊಂಡಿದ್ದ. ಮೊದಲ ಬದಿ ಒಂದು ಹಾಡಿನ ನಡುವೆ, ಸಾಲು ಅರ್ಧಕ್ಕೆ ಬಂದಾಗ ಮುಗಿದುಹೋಗುತ್ತಿತ್ತು. ಆ ಹಾಡಿಗೆ ಇನ್ನೂ ಒಂದು ಚರಣವಿದೆ ಎಂಬುದು ಅವನಿಗೆ ತಿಳಿದದ್ದೇ ಈ ಕಾರಿನಲ್ಲಿ. ಉಳಿದ ಭಾಗ ಅನಾವಶ್ಯಕ ಎಂದು ತೀರ್ಪು ಕೊಟ್ಟ.

ಆಮೇಲೆ ಮಿಲಿ ವ್ಯಾನಿಲಿ ಎಂಬ ಜೋಡಿಯ ಹಾಡು ಬಂತು. ಅಣ್ಣ ಕೈಚಾಚಿ ಅದನ್ನು ದಾಟಿಸಲು ಹೊರಟ.

"ಇವರದ್ದು ಬೇಡ. ಮೋಸಗಾರರು. ಹಾಡಿದ್ದು ಇವರಲ್ಲವೇ ಅಲ್ಲ."

"ಮತ್ತೆ ಯಾರು?" ಎಂದರು ಅಮ್ಮ.

"ಬೇರೆ ಯಾರೋ ಹಿಂದೆ ನಿಂತು ಹಾಡಿದರು. ಇವರು ಬಾಯಿ ಆಡಿಸಿದರು, ಕುಣಿದರು."

ಅಮ್ಮ ಸ್ವಲ್ಪ ಹೊತ್ತು ಕಾದರು, ಅಪರಾಧ ಈಗ ಬರುತ್ತದೆ ಎಂದುಕೊಂಡು. ಬರಲಿಲ್ಲ. "ಅದು ಸರಿ, ಅವರು ಮಾಡಿದ ತಪ್ಪೇನು?" ಎಂದರು.

ಅಮ್ಮನ ಪ್ರಶ್ನೆಗೆ ಅಮೆರಿಕ 1990ರಲ್ಲಿ ಉತ್ತರ ಕೊಟ್ಟಿತ್ತು. ರಾಬ್ ಪಿಲಾಟಸ್, ಫ್ಯಾಬ್ ಮೊರ್ವಾನ್ ಎಂಬ ಇಬ್ಬರು ಚೆಲುವರು. ಸೊಂಟದವರೆಗಲ್ಲದಿದ್ದರೂ ಭುಜ ದಾಟುವ ಎಳೆ ಎಳೆ ಜಡೆ, ಎದ್ದು ನಿಂತ ಕೋಟಿನ ಭುಜ, ನೆಲಕ್ಕೆ ತಾಗದ ಕಾಲು. ಜರ್ಮನಿಯ ನಿರ್ಮಾಪಕ ಫ್ರ್ಯಾಂಕ್ ಫಾರಿಯಾನ್ ಹಾಡನ್ನು ಬೇರೆಯವರಿಂದ ಹಾಡಿಸಿ, ಮುಖಕ್ಕೆ ಇವರನ್ನು ಇಟ್ಟ. 1989ರಲ್ಲಿ ಅಮೆರಿಕದಲ್ಲಿ ಅವರ ಮೂರು ಹಾಡುಗಳು ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿದವು. ಅದೇ ವರ್ಷದ ಜುಲೈನಲ್ಲಿ ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್‌ನಲ್ಲಿ ವೇದಿಕೆಯ ಮೇಲಿದ್ದಾಗ ಧ್ವನಿಮುದ್ರಿಕೆ ಸಿಕ್ಕಿಕೊಂಡಿತು. 'ಹುಡುಗಿ, ನಿನಗೇ ಗೊತ್ತು, ಇದು' ಎಂಬಲ್ಲಿಗೆ ಬಂದು, ಮತ್ತೆ ಅಲ್ಲಿಗೇ, ಮತ್ತೆ ಅಲ್ಲಿಗೇ. ಮುಂದೆ ಬರಬೇಕಾಗಿದ್ದ ಪದ 'ಸತ್ಯ'. ಅದೊಂದು ಮಾತ್ರ ಬರಲೇ ಇಲ್ಲ. ರಾಬ್ ವೇದಿಕೆ ಬಿಟ್ಟು ಓಡಿದ. ಸಭಿಕರು ಅದನ್ನೇನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಏಳು ತಿಂಗಳ ನಂತರ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಕೊಟ್ಟರು. 1990ರ ನವೆಂಬರಿನಲ್ಲಿ ಫಾರಿಯಾನ್ ತಾನೇ ಗುಟ್ಟು ಬಿಚ್ಚಿದ ಮೇಲೆ ಅದೇ ಪ್ರಶಸ್ತಿಯನ್ನು ಕಿತ್ತುಕೊಂಡರು.

ಸೊಗಸು ಶುರುವಾಗುವುದು ಆಮೇಲೆ. ಕೇಳುಗರು ನ್ಯಾಯಾಲಯಕ್ಕೆ ಹೋದರು. ತಾವು ಮೋಸ ಹೋಗಿದ್ದೇವೆ, ದುಡ್ಡು ವಾಪಸ್ ಬೇಕು ಎಂದರು. ಷಿಕಾಗೋದ ನ್ಯಾಯಾಲಯದ ಮುಂದೆ ಮೊದಲು ಬಂದ ರಾಜಿಸೂತ್ರ ಹೀಗಿತ್ತು: ನಗದು ಇಲ್ಲ, ಆ ಹಾಡುಗಳನ್ನು ಹೊರತಂದ ಕಂಪನಿಯದೇ ಮುಂದಿನ ಧ್ವನಿಮುದ್ರಿಕೆ ಕೊಳ್ಳುವಾಗ ರಿಯಾಯಿತಿ. ಸೀರೆ ಬಣ್ಣ ಬಿಟ್ಟಿತೆಂದು ಹೋದವಳಿಗೆ ಅದೇ ಅಂಗಡಿಯವನು ಇನ್ನೊಂದು ಸೀರೆ ತೋರಿಸಿದಂತೆ. ನ್ಯಾಯಾಲಯ ಒಪ್ಪಲಿಲ್ಲ. 1991ರ ಆಗಸ್ಟ್ ಕೊನೆಯಲ್ಲಿ ಇನ್ನೊಂದು ಸೂತ್ರಕ್ಕೆ ಒಪ್ಪಿಗೆ ಸಿಕ್ಕಿತು. ಸಿ.ಡಿ.ಗೆ 3 ಡಾಲರ್, ಕ್ಯಾಸೆಟ್ಟಿಗೆ 2, ಬಿಡಿ ಹಾಡಿಗೆ 1. ಅರ್ಹರು ಸುಮಾರು ಒಂದು ಕೋಟಿ ಜನ. ಮತ್ತು ದಯವಿಟ್ಟು ಗಮನಿಸಿ, ಮೋಸದ ಮಾಲನ್ನು ಹಿಂದಿರುಗಿಸಬೇಕಾಗಿರಲಿಲ್ಲ. ದುಡ್ಡು ತೆಗೆದುಕೊಂಡು ಮನೆಗೆ ಹೋಗಿ ಅದೇ ಹಾಡನ್ನು ಹಾಕಿಕೊಂಡು ಕುಣಿಯಬಹುದಿತ್ತು.

ಈ ದರಪಟ್ಟಿಯನ್ನು ನಾನು ಬಹಳ ದಿನ ಚಿಂತಿಸಿದ್ದೇನೆ. ಒಂದು ಸಿ.ಡಿ.ಯ ಬೆಲೆಯಲ್ಲಿ ಗಂಟಲಿನ ಪಾಲು 3 ಡಾಲರ್. ಉಳಿದದ್ದು ಜಡೆಗೆ, ಭುಜಕ್ಕೆ, ಕಾಲಿಗೆ. ಕ್ಯಾಸೆಟ್ಟಿನಲ್ಲಿ ಅದೇ ಗಂಟಲು ಒಂದು ಡಾಲರ್ ಅಗ್ಗವಾಗುವುದು ಹೇಗೆ ಎಂಬುದು ಮಾತ್ರ ನನಗೆ ಹೊಳೆದಿಲ್ಲ. ಸುಯ್ಯೆನ್ನುವ ಸದ್ದಿನಲ್ಲಿ ಸುಳ್ಳು ಕೊಂಚ ಕಡಿಮೆ ಕೇಳಿಸುತ್ತದೆಯೋ ಏನೋ.

ಷಿಕಾಗೋದ ಆ ಪೀಠ ಗಾಂಧಿನಗರಕ್ಕೆ ಬಂದು ಒಂದು ವಾರ ಕುಳಿತಿದ್ದರೆ ನಮ್ಮ ಗತಿ? 1987ರಲ್ಲಿ ನಾಡಿಗೆ ನಾಡೇ 'ಪ್ರೇಮಲೋಕ'ದ ಹಾಡುಗಳಿಗೆ ಹುಚ್ಚೆದ್ದಾಗ ಪರದೆಯ ಮೇಲಿದ್ದದ್ದು ರವಿಚಂದ್ರನ್, ಗಂಟಲಿನಲ್ಲಿದ್ದದ್ದು ಹೆಚ್ಚಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಅದೇ ಎಸ್‌ಪಿಬಿ ವಿಷ್ಣುವರ್ಧನ್‌ಗೂ ಹಾಡಿದರು, ಅಂಬರೀಷ್‌ಗೂ ಹಾಡಿದರು, ಶಂಕರ್‌ನಾಗ್‌ಗೂ ಹಾಡಿದರು. ಒಂದೇ ಗಂಟಲು, ನಾಲ್ಕು ಆರೋಪಿಗಳು. ಎಸ್. ಜಾನಕಿಯವರ ಕಡತ ಇನ್ನೂ ದಪ್ಪ. ನಾಯಕಿಯರು ಸಾಲದೆಂಬಂತೆ ಮಗುವಿನ ದನಿಯಲ್ಲೂ ಹಾಡಿದವರು. ಇಡೀ ಚಿತ್ರರಂಗದಲ್ಲಿ ಪೀಠದ ಮುಂದೆ ತಲೆಯೆತ್ತಿ ನಿಲ್ಲಬಹುದಾಗಿದ್ದವರು ಡಾ. ರಾಜಕುಮಾರ್ ಒಬ್ಬರೇ. ಅದೂ 1974ರ 'ಸಂಪತ್ತಿಗೆ ಸವಾಲ್'ನಿಂದ ಈಚೆಗೆ. ಅದಕ್ಕೂ ಹಿಂದಿನ ಪಿ.ಬಿ. ಶ್ರೀನಿವಾಸ್ ಕಾಲದ ಟಿಕೆಟ್ಟುಗಳನ್ನು ಜೋಪಾನ ಮಾಡಿದವರು ದಾವೆ ಹೂಡಬಹುದಿತ್ತು.

ನಮಗೆ ಅದು ಹೊಳೆಯಲೇ ಇಲ್ಲ. ಏಕೆಂದರೆ ಒಬ್ಬರ ದನಿಯನ್ನು ಇನ್ನೊಬ್ಬರ ಬಾಯಲ್ಲಿಡುವ ಈ ಕೆಲಸಕ್ಕೆ ಕನ್ನಡದಲ್ಲಿ ಇರುವ ಹೆಸರೇ ಕಂಠದಾನ. ಗೋದಾನ, ಭೂದಾನ, ಕನ್ಯಾದಾನಗಳ ಸಾಲಿನಲ್ಲಿ ಕೂತ ಪದ. ದಾನ ಕೊಟ್ಟವರಿಗೆ ಸಂಭಾವನೆ ಇದೆ, ಕ್ಯಾಸೆಟ್ಟಿನ ಹೊದಿಕೆಯಲ್ಲಿ ಹೆಸರಿದೆ, ಸರ್ಕಾರ ಪ್ರಶಸ್ತಿಯನ್ನೂ ಕೊಡುತ್ತದೆ. ಫಾರಿಯಾನ್ ಮಾಡಿದ ಘೋರ ತಪ್ಪು ಹೊದಿಕೆಯಲ್ಲಿ ಒಂದು ಸಾಲು ಬಿಟ್ಟದ್ದು. 'ಹಿನ್ನೆಲೆ ಗಾಯನ: ಬ್ರ್ಯಾಡ್ ಹೋವೆಲ್, ಜಾನ್ ಡೇವಿಸ್ ಮತ್ತು ಸಂಗಡಿಗರು' ಎಂದು ಸಣ್ಣ ಅಕ್ಷರದಲ್ಲಿ ಅಚ್ಚುಹಾಕಿಸಿದ್ದರೆ ಮುಗಿದಿತ್ತು.

ಹಾಗೆ ನೋಡಿದರೆ ಫಾರಿಯಾನ್ ಇದರಲ್ಲಿ ಹಳೆಯ ಕೈ. ಎಪ್ಪತ್ತರ ದಶಕದ ಬೋನಿ ಎಂ ತಂಡವೂ ಅವನದ್ದೇ. ಅದರಲ್ಲಿ ಕುಣಿಯುತ್ತಿದ್ದ ಬಾಬಿ ಫಾರೆಲ್‌ನ ಬಾಯಿಂದ ಬರುತ್ತಿದ್ದ ಗಡಸು ದನಿ ಸ್ವತಃ ಫಾರಿಯಾನ್‌ನದು. ನಮ್ಮ ಕಾಲೇಜಿನ ವಾರ್ಷಿಕೋತ್ಸವಗಳಲ್ಲಿ ಆ ಹಾಡುಗಳಿಗೆ ಹಲಗೆ ಮುರಿಯುವಂತೆ ಕುಣಿದವರು ಇಂದು ಬ್ಯಾಂಕಿನಿಂದ ನಿವೃತ್ತರಾಗಿದ್ದಾರೆ. ಒಬ್ಬರೂ ಪರಿಹಾರ ಕೇಳಿಲ್ಲ. ಅದೇ ಸಿ.ಡಿ.ಯಲ್ಲಿ ಮುಂದೆ ಬಂದ ಬ್ಲ್ಯಾಕ್ ಬಾಕ್ಸ್ ತಂಡದ 1989ರ ಹಾಡಿನಲ್ಲಿ ವಿಡಿಯೊದ ಚೆಲುವೆ ಒಬ್ಬಳು, ದನಿ ಲೊಲೀಟಾ ಹಾಲೊವೇಯದು. ಅದಕ್ಕೆ ಅಣ್ಣ ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿದ್ದ. ನಾನು ವಿಷಯ ಹೇಳಿದೆ. ತಾಳ ನಿಂತಿತು, ಆದರೆ ಬೆರಳು ಪೂರ್ತಿ ನಿಲ್ಲಲಿಲ್ಲ.

ನಮ್ಮೂರಿನ ಗಣೇಶೋತ್ಸವದ ರಸಮಂಜರಿಯನ್ನು ಆಗ ನೆನಪಿಸಿದೆ. ಹೊರಗಿನಿಂದ ಬಂದ ಗಾಯಕ ಮೈಕು ಹಿಡಿದು ಭಾವಪರವಶನಾಗಿ ಹಾಡುತ್ತಿದ್ದ. ಪಲ್ಲವಿ ಎರಡನೆಯ ಸಲ ಬರುವಾಗ ಅವನಿಗೆ ಕೆಮ್ಮು ಬಂತು. ಬಾಯಿಗೆ ಕರವಸ್ತ್ರ ಹಿಡಿದು ಚೆನ್ನಾಗಿ ಕೆಮ್ಮಿದ. ಹಾಡು ಒಂದು ಸ್ವರವೂ ಅಲುಗದೆ ಮುಂದುವರಿಯಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಪುರಸಭಾ ಸದಸ್ಯರು ಮೊದಲು ಚಪ್ಪಾಳೆ ತಟ್ಟಿದರು. ಕೆಮ್ಮುತ್ತಲೇ ಇಷ್ಟು ಶ್ರುತಿಬದ್ಧವಾಗಿ ಹಾಡುವವರನ್ನು ಅವರು ಕಂಡಿರಲಿಲ್ಲವಂತೆ. ಶಾಲು, ಹಾರ, ಬುಟ್ಟಿ ಹಣ್ಣು ಕೊಟ್ಟು ಕಳುಹಿಸಿದೆವು.

"ಅದು ಬೇರೆ" ಎಂದ ಅಣ್ಣ. "ಇಲ್ಲಿ ನಾನು ದುಡ್ಡು ಕೊಟ್ಟಿದ್ದೇನೆ."

"ಎಷ್ಟು?"

"ಈ ಸಿ.ಡಿ.ಗಲ್ಲ, ಅಂದಿನ ಕ್ಯಾಸೆಟ್ಟಿಗೆ. ತುಂಬಿಸುವುದಕ್ಕೆ ಮೂವತ್ತು ರೂಪಾಯಿ. ಇವರ ಎರಡು ಹಾಡು ಅದರಲ್ಲಿತ್ತು. ಕಂಪನಿಯವರು ನನಗೂ ಕೊಡಬೇಕಾಗುತ್ತದೆ."

ಗಲ್ಲಿಯ ಅಂಗಡಿಯವನು ಯಾರನ್ನೂ ಕೇಳದೆ ನಕಲು ಮಾಡಿಕೊಟ್ಟ ಆ ಮೂವತ್ತು ರೂಪಾಯಿಯಲ್ಲಿ ಕಂಪನಿಗೆ ಒಂದು ಬಿಡಿಗಾಸೂ ಹೋಗಿರಲಿಲ್ಲ. ಹಾಡಿದವರಿಗೂ ಇಲ್ಲ, ಬಾಯಿ ಆಡಿಸಿದವರಿಗೂ ಇಲ್ಲ. ಅರ್ಜಿ ಹಾಕುವ ಕೊನೆಯ ದಿನ 1992ರ ಮಾರ್ಚ್ 8ಕ್ಕೇ ಮುಗಿದಿದೆ ಎಂದಷ್ಟೇ ಹೇಳಿದೆ. ಅಣ್ಣನ ಮುಖ ನಿಜಕ್ಕೂ ಬಾಡಿತು. ಅಂಗಡಿಯವನು ಆಗ ಒಂದು ರಸೀದಿ ಕೊಟ್ಟಿದ್ದರೆ ಎಂದು ಗೊಣಗಿದ.

ಅಮ್ಮ ಹಿಂದಿನ ಸೀಟಿನಿಂದ ಬಾಗಿ, ಆ ಜಡೆಯ ಹುಡುಗರ ಹಾಡನ್ನು ಇನ್ನೊಮ್ಮೆ ಹಾಕು ಎಂದರು.